ನಮ್ಮ ಕೈಚೀಲ ಎಲ್ಲಿ ಹೋಯಿತು?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ಸಾಲದ ವಿಷಯ ಇಲ್ಲ, ಕಂತಿನ ವಿಷಯವೂ ಇಲ್ಲ ಎಂದು ಹೇಳಿಯೇ ನಿಮ್ಮನ್ನು ಕರೆದಿದ್ದೇವೆ. ಆದರೂ ಮಾತು ಶುರುವಾಗುವುದು ಒಂದು ಸಾಲದಿಂದಲೇ.

ನಮ್ಮ ಒಂದು ಸಂಘದ ಸದಸ್ಯೆ ದನ ತೆಗೆದುಕೊಳ್ಳಲಿಕ್ಕೆ ಸಂಘದಿಂದ ಸಾಲ ಪಡೆದಿದ್ದರು. ಒಳ್ಳೆಯ ಜರ್ಸಿ ದನ. ಬೆಳಿಗ್ಗೆ, ಸಂಜೆ ಡಿಪೋಗೆ ಹಾಲು ಹಾಕುತ್ತಿದ್ದರು. ಕಂತು ಒಂದು ವಾರವೂ ತಪ್ಪಿಸಿದವರಲ್ಲ. ಗಂಡ ತೀರಿಹೋದ ಮನೆ, ಎರಡು ಮಕ್ಕಳ ಶಾಲೆಯ ಖರ್ಚು ಆ ಹಾಲಿನಿಂದಲೇ ನಡೆಯುತ್ತಿತ್ತು. ಒಂದು ಮಳೆಗಾಲ ದನ ಹುಲ್ಲು ಬಿಟ್ಟಿತು. ಮೆಲುಕು ಹಾಕುವುದು ನಿಂತಿತು. ಹೊಟ್ಟೆ ಉಬ್ಬಿತು. ಅವರು ಕಷಾಯ ಕುಡಿಸಿದರು, ಹರಕೆ ಹೇಳಿಕೊಂಡರು. ಡಾಕ್ಟರನ್ನು ಕರೆಸುವಾಗ ತಡವಾಗಿತ್ತು. ಸತ್ತ ಮೇಲೆ ಹೊಟ್ಟೆ ಕೊಯ್ದು ನೋಡಿದರೆ ಒಳಗಿದ್ದದ್ದು ತೊಟ್ಟೆ. ಒಂದಕ್ಕೊಂದು ಸುತ್ತಿಕೊಂಡು, ಹಗ್ಗದ ಹಾಗೆ ಹೊಸೆದುಕೊಂಡು, ಒಂದು ಬುಟ್ಟಿ ತುಂಬುವಷ್ಟು ತೊಟ್ಟೆ. ಕೆಲವದರ ಗಂಟು ಕೂಡ ಬಿಚ್ಚಿರಲಿಲ್ಲ.

ದನ ಹೋಯಿತು, ಸಾಲ ಉಳಿಯಿತು. ವಿಮೆ ಮಾಡಿಸಿರಲಿಲ್ಲ. ಸಂಘದವರು ಕೂತು ಮಾತಾಡಿ ಕಂತನ್ನು ಸಣ್ಣದು ಮಾಡಿಕೊಟ್ಟರು. ದನದ ಸಾಲವನ್ನು ಆ ತಾಯಿ ಬೀಡಿ ಕಟ್ಟಿ ತೀರಿಸಿದರು.

ಈ ಸುದ್ದಿ ಕೇಳಿದ ದಿನ ನಮಗೆ ಕಾನ್ವೆಂಟಿನಲ್ಲಿ ಸರಿಯಾಗಿ ಊಟ ಸೇರಲಿಲ್ಲ. ಯಾಕೆಂದರೆ ಆ ದನ ಮೇಯುತ್ತಿದ್ದ ಮೈದಾನದಲ್ಲೇ ನಾವು ಮಹಿಳಾ ದಿನಾಚರಣೆ ಮಾಡಿದ್ದು. ಬಂದ ಎಲ್ಲರಿಗೂ ಅವಲಕ್ಕಿ, ಒಂದು ಬಾಳೆಹಣ್ಣು, ಒಂದು ಲಾಡು. ಯಾವುದರಲ್ಲಿ ಹಾಕಿ ಕೊಟ್ಟೆವು? ತೊಟ್ಟೆಯಲ್ಲಿ. ಸಂಜೆ ಮೈದಾನ ಬೆಳ್ಳಗೆ ಕಾಣುತ್ತಿತ್ತು. ನಾವು ಮೈಕು, ಕುರ್ಚಿ ಲೆಕ್ಕ ಮಾಡಿ ಹೊರಟು ಬಂದೆವು. ಆ ಬಿಚ್ಚದ ಗಂಟುಗಳಲ್ಲಿ ನಮ್ಮದೆಷ್ಟು ಎಂದು ಈಗ ಯಾರು ಹೇಳುತ್ತಾರೆ?

ಘಟ್ಟದ ಮೇಲಿನವರು ಕವರ್ ಅನ್ನುತ್ತಾರೆ, ನಮ್ಮ ಕರಾವಳಿಯಲ್ಲಿ ತೊಟ್ಟೆ. ಹೆಸರು ಯಾವುದಾದರೂ ವಸ್ತು ಒಂದೇ. ಪೆಟ್ರೋಲಿಯಂ ಎಣ್ಣೆ, ಅನಿಲದಿಂದ ಮಾಡುವ ಪಾಲಿಥೀನ್. ಅದು ಕೊಳೆಯುವುದಿಲ್ಲ. ಬಿಸಿಲಿಗೆ ಚೂರು ಚೂರಾಗಿ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ, ಅಷ್ಟೆ. ದನಕ್ಕೆ ತೊಟ್ಟೆಯ ಮೇಲೆ ಆಸೆ ಏನಿಲ್ಲ. ನಾವು ಅನ್ನ, ತರಕಾರಿ ಸಿಪ್ಪೆಯನ್ನು ತೊಟ್ಟೆಯಲ್ಲಿ ಹಾಕಿ ಗಂಟು ಕಟ್ಟಿ ಬಿಸಾಡುತ್ತೇವೆ. ದನಕ್ಕೆ ಕೈ ಇಲ್ಲ, ಗಂಟು ಬಿಚ್ಚಲಿಕ್ಕೆ ಬರುವುದಿಲ್ಲ. ವಾಸನೆಗೆ ಬಂದು ಇಡೀ ನುಂಗುತ್ತದೆ. ಅದರ ಮೊದಲ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ, ಮುಂದಕ್ಕೆ ಹೋಗುವುದೂ ಇಲ್ಲ. ಅಲ್ಲೇ ಕೂತು ವರ್ಷ ವರ್ಷ ಬೆಳೆಯುತ್ತದೆ. ಹೊರಗಿನಿಂದ ದನ ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ.

"ಏನು ಸಿಸ್ಟರ್, ಒಂದು ತೊಟ್ಟೆ ಅಲ್ವಾ" ಎಂದು ನೀವು ಹೇಳುತ್ತೀರಿ. ಲೆಕ್ಕ ಬರೆಯುವುದು ನಮ್ಮ ಸಂಘದವರಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದು ಮನೆಗೆ ದಿನಕ್ಕೆ ಎರಡೇ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 730. ಇಪ್ಪತ್ತು ಜನರ ಒಂದು ಸಂಘಕ್ಕೆ 14,600. ಒಂದು ಸಂಘದವರಿಗೆ ನಾವು ಹೇಳಿದೆವು, ಈ ವಾರ ಮನೆಗೆ ಬಂದ ತೊಟ್ಟೆ ಒಂದನ್ನೂ ಬಿಸಾಡಬೇಡಿ, ಸಭೆಗೆ ತನ್ನಿ ಎಂದು. ತಂದು ಚಾಪೆಯ ಮೇಲೆ ಸುರಿದರು. ನಡುವೆ ಕೂತವರ ಮೊಣಕಾಲು ಮುಚ್ಚಿಹೋಯಿತು. ನಗುತ್ತಾ ಸುರಿದವರು ಆಮೇಲೆ ನಗಲಿಲ್ಲ. ಕೊನೆಗೆ ಅದನ್ನೆಲ್ಲ ಎಲ್ಲಿ ಹಾಕುವುದು ಎಂಬ ಪ್ರಶ್ನೆ ಬಂತು. ಯಾರೂ ಮನೆಗೆ ತೆಗೆದುಕೊಂಡು ಹೋಗಲು ತಯಾರಿಲ್ಲ!

ನಮ್ಮಲ್ಲಿ ಐವತ್ತು ದಾಟಿದವರಿಗೆ ನೆನಪಿರಬಹುದು. ಅಪ್ಪ ಪೇಟೆಗೆ ಹೊರಟರೆ ಬಾಗಿಲ ಹಿಂದಿನ ಮೊಳೆಯಿಂದ ಚೀಲ ತಾನಾಗಿ ಕೈಗೆ ಬರುತ್ತಿತ್ತು. ಮೀನನ್ನು ಸಾಗುವಾನಿ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದರು. ಮಲ್ಲಿಗೆ ಬಾಳೆ ಎಲೆಯಲ್ಲಿ, ಬಾಳೆ ನಾರು ಸುತ್ತಿ. ಎಣ್ಣೆಗೆ ಬಾಟಲಿ ಮನೆಯಿಂದಲೇ. ಮೊಂತಿ ಹಬ್ಬಕ್ಕೆ ಮಕ್ಕಳು ಬುಟ್ಟಿಯಲ್ಲಿ ಹೂವು ತರುತ್ತಿದ್ದರು. ಈಗ ಕೆಲವು ಮಕ್ಕಳು ಮಾತೆ ಮರಿಯಮ್ಮನವರಿಗೆ ಹಾಕುವ ಹೂವನ್ನೂ ತೊಟ್ಟೆಯಲ್ಲಿ ತರುವುದನ್ನು ನೋಡುತ್ತೇವೆ. ಹಳೆಯ ಕಾಲ ಎಲ್ಲ ಚಂದ ಇತ್ತು ಎಂದು ನಾವು ಹೇಳುವುದಿಲ್ಲ. ಆಗ ಮನೆಯಲ್ಲಿ ಹಸಿವೂ ಇತ್ತು. ಆದರೆ ಬಾಗಿಲ ಹಿಂದಿನ ಆ ಮೊಳೆ ಮಾತ್ರ ಸರಿಯಾದ ಜಾಗದಲ್ಲಿತ್ತು.

ದನ ಸತ್ತ ಮರುವರ್ಷ ನಾವು ಏನು ಮಾಡಿದೆವು ಗೊತ್ತುಂಟಾ? ಮಹಿಳಾ ದಿನಕ್ಕೆ ಎಲ್ಲರಿಗೂ ಹೊಸ ಬಟ್ಟೆಯ ಚೀಲ ಕೊಟ್ಟೆವು, ಮೇಲೆ ಒಕ್ಕೂಟದ ಹೆಸರು ಅಚ್ಚು ಹಾಕಿಸಿ. ಬಹಳ ಚಂದದ ಚೀಲ. ಎರಡು ತಿಂಗಳ ನಂತರ ಮನೆ ಭೇಟಿಗೆ ಹೋದರೆ ಚೀಲ ಇಸ್ತ್ರಿ ಮಾಡಿ ಕಪಾಟಿನಲ್ಲಿ ಇಟ್ಟಿದ್ದಾರೆ. "ಅಷ್ಟು ಒಳ್ಳೆ ಚೀಲದಲ್ಲಿ ಬೂತಾಯಿ ತರುವುದಾ ಸಿಸ್ಟರ್?" ಎಂದು ಕೇಳಿದರು. ತಪ್ಪು ಅವರದಲ್ಲ. ಚೀಲ ಕೊಟ್ಟೆವು, ಅಭ್ಯಾಸ ಕೊಡಲಿಲ್ಲ. ಹಣವೂ ಖರ್ಚಾಯಿತು.

ಇನ್ನೊಂದು ವಿಷಯ ನಾವು ಆಮೇಲೆ ಕಲಿತೆವು. ಹೊಸ ಹತ್ತಿಯ ಚೀಲವೇನೂ ಪುಕ್ಕಟೆಯ ಪುಣ್ಯ ಅಲ್ಲ. ಹತ್ತಿ ಬೆಳೆಯಲಿಕ್ಕೆ ನೀರು ಬೇಕು, ಗೊಬ್ಬರ ಬೇಕು, ಮಿಲ್ಲಿಗೆ ಕರೆಂಟು ಬೇಕು. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭೂಮಿ ಬಿಸಿಯಾಗುವ ಲೆಕ್ಕದಲ್ಲಿ, ಹತ್ತಿಯ ಒಂದು ಚೀಲವನ್ನು 131 ಸಲ ಬಳಸಿದರೆ ಆಗ ಅದು ಒಂದೇ ಸಲ ಬಳಸಿ ಬಿಸಾಡುವ ತೊಟ್ಟೆಗೆ ಸಮವಾಗುತ್ತದೆ. ಅಂದರೆ ಕಪಾಟಿನಲ್ಲಿ ಹತ್ತು ಚೀಲ ಮಡಚಿಟ್ಟರೆ ಪ್ರಯೋಜನ ಇಲ್ಲ, ನಷ್ಟವೇ. ಹಾಗಾಗಿ ಈಗ ನಾವು ಹೊಸ ಚೀಲ ಹಂಚುವುದನ್ನು ನಿಲ್ಲಿಸಿದ್ದೇವೆ. ಹಳೆಯ ಸೀರೆ, ಲುಂಗಿ, ಮಕ್ಕಳ ಹರಿದ ಪ್ಯಾಂಟಿನಿಂದ ಹೊಲಿಯಿರಿ. "ನೈಲೆಕ್ಸ್ ಸೀರೆಯೂ ಪ್ಲಾಸ್ಟಿಕ್ಕಿನ ಜಾತಿಯೇ ಅಲ್ವಾ" ಎಂದು ಒಬ್ಬ ಅಕ್ಕ ಕೇಳಿದರು. ಜಾಣ ಪ್ರಶ್ನೆ. ಹೌದು, ಅದೂ ಅದೇ ಜಾತಿ. ಆದರೆ ಅದು ಈಗಾಗಲೇ ಮನೆಯಲ್ಲಿ ಉಂಟು, ಗಟ್ಟಿ ಉಂಟು, ಮಳೆಗಾಲದಲ್ಲಿ ಬೇಗ ಒಣಗುತ್ತದೆ, ಮಡಚಿದರೆ ಪರ್ಸಿನಲ್ಲಿ ಹಿಡಿಯುತ್ತದೆ.

ಅಂಗಡಿಯಲ್ಲಿ "ಇದು ಬಟ್ಟೆ ಚೀಲ" ಎಂದು ಬಣ್ಣ ಬಣ್ಣದ್ದು ಕೊಡುತ್ತಾರಲ್ಲ, ಅದಕ್ಕೆ ಮೋಸ ಹೋಗಬೇಡಿ. ಅದರಲ್ಲಿ ನೇಯ್ಗೆ ಇಲ್ಲ, ನೂಲು ಇಲ್ಲ. ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಒಂದು ಸಣ್ಣ ತುಂಡನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಹತ್ತಿ ಆದರೆ ಉರಿದು ಬೂದಿಯಾಗುತ್ತದೆ, ಇದು ಕರಗಿ ಮಣಿಯಂತಾಗುತ್ತದೆ. ಬಿಸಿಲಲ್ಲಿ ಬಿಟ್ಟರೆ ಪುಡಿ ಪುಡಿಯಾಗಿ ಉದುರುತ್ತದೆ. ಮನೆಗೆ ಬಂದದ್ದನ್ನು ಹರಿಯುವ ತನಕ ಬಳಸಿ, ಹೊಸದು ಕೇಳಬೇಡಿ.

ಈಗ ಕಷ್ಟದ ವಿಷಯಕ್ಕೆ ಬರುವ. ತರಕಾರಿಗೆ ಚೀಲ ಒಯ್ಯುವುದು ಸುಲಭ, ಮೀನಿಗೆ ಹೇಗೆ? ನೀರು ಸೋರುತ್ತದೆ, ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚುತ್ತಾರೆ. ಇದಕ್ಕೆ ಉಪಾಯ ಹೇಳಿದ್ದು ನಾವಲ್ಲ, ಮೀನು ಮಾರುವ ಒಬ್ಬ ಸದಸ್ಯೆಯೇ. ಮುಚ್ಚಳ ಗಟ್ಟಿ ಇರುವ ಹಳೆಯ ಡಬ್ಬ ತನ್ನಿ, ತೂಕ ಮಾಡಿ ಅದಕ್ಕೇ ಹಾಕಿ ಕೊಡುತ್ತೇನೆ ಎಂದರು. ಐಸ್‌ಕ್ರೀಮಿನ ಡಬ್ಬ ಆದರೂ ಸಾಕು. ಮನೆಗೆ ಹೋಗಿ ಬಿಸಿ ನೀರು, ಹುಳಿ ಹಾಕಿ ತೊಳೆದರೆ ವಾಸನೆ ಹೋಗುತ್ತದೆ. ಕೋಳಿ, ಹಂದಿ ಮಾಂಸಕ್ಕೂ ಇದೇ.

ಅದೇ ಸದಸ್ಯೆ ಇನ್ನೊಂದು ಮಾತು ಹೇಳಿದರು. ಅದನ್ನು ಗಿರಾಕಿಗಳಾದ ನಾವು ಕೇಳಿಸಿಕೊಳ್ಳಬೇಕು. "ತೊಟ್ಟೆ ಪುಕ್ಕಟೆ ಅಂತ ನೀವು ತಿಳಿದಿದ್ದೀರಿ. ನಾನು ಕಟ್ಟು ಕಟ್ಟು ದುಡ್ಡು ಕೊಟ್ಟು ತರುವುದು. ಕೊಡುವುದಿಲ್ಲ ಅಂದರೆ ನೀವು ಪಕ್ಕದವಳ ಹತ್ತಿರ ಹೋಗ್ತೀರಿ. ಕೊಟ್ಟರೆ ದಂಡ ಹಾಕುವವರು ಬರ್ತಾರೆ. ನಾನು ಎಂತ ಮಾಡುವುದು?" ನಾವು ಉತ್ತರ ಕೊಡಲಿಲ್ಲ.

ಕಾನೂನು ಇಲ್ಲ ಅಂತಲ್ಲ. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲದ ತಯಾರಿ, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿದ್ದಾರೆ, ದಪ್ಪ ಇರಲಿ, ತೆಳು ಇರಲಿ. ಕೇಂದ್ರ ಸರಕಾರ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ನಿಲ್ಲಿಸಿದೆ. ಆ ವರ್ಷದ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳ್ಳಗಿನ ಕೈಚೀಲ ದೇಶದಲ್ಲಿ ಎಲ್ಲೂ ನಡೆಯುವುದಿಲ್ಲ. ಆದರೂ ಸಂತೆಯಲ್ಲಿ ತೊಟ್ಟೆ ತೂಗುತ್ತಾ ಇರುತ್ತದೆ. ದಂಡ ಬೀಳುವುದು ಹೆಚ್ಚಾಗಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿಗೆ. ಮಾಡುವ ಕಾರ್ಖಾನೆಯ ಬಾಗಿಲಿಗೆ ಅಷ್ಟೇ ಚುರುಕಾಗಿ ಹೋದರೆ ನಾವೂ ಸಂತೋಷ ಪಡುತ್ತೇವೆ. ಗ್ರಾಮಸಭೆಯಲ್ಲಿ ಇದನ್ನು ಕೇಳಲಿಕ್ಕೆ ನಿಮಗೆ ಹಕ್ಕು ಉಂಟು. ಕೇಳಿ.

ಮನೆಗೆ ಬಂದ ತೊಟ್ಟೆ ಏನಾಗುತ್ತದೆ? ಹೆಚ್ಚಿನ ಮನೆಗಳಲ್ಲಿ ಬಚ್ಚಲ ಒಲೆಗೆ ಹೋಗುತ್ತದೆ. ಮಳೆಗಾಲದಲ್ಲಿ ಸೌದೆ ಹಸಿ, ಬೆಂಕಿ ಹಿಡಿಯುವುದಿಲ್ಲ, ಒಂದು ತೊಟ್ಟೆ ತುರುಕಿದರೆ ಭಗ್ ಅಂತ ಹಿಡಿಯುತ್ತದೆ. ನಮಗೂ ಗೊತ್ತು, ಕಾನ್ವೆಂಟಿನಲ್ಲಿಯೂ ಹಿಂದೆ ಮಾಡುತ್ತಿದ್ದೆವು. ಆದರೆ ಬಗ್ಗಿ ಊದುವವರು ಯಾರು? ನಾವೇ ಹೆಂಗಸರು. ಆ ಹೊಗೆ ಮೊದಲು ನಮ್ಮ ಎದೆಗೆ, ಆಮೇಲೆ ಸೊಂಟದ ಮೇಲಿನ ಮಗುವಿನ ಎದೆಗೆ. ತೊಟ್ಟೆಯ ಜೊತೆ ಪಿವಿಸಿ ತುಂಡು, ವಯರು, ಹಳೆಯ ಚಪ್ಪಲಿ ಸೇರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕ್ಯಾನ್ಸರ್ ತರುವಂಥದ್ದು. ಅದೇ ಬೂದಿಯನ್ನು ಬಸಳೆಯ ಬುಡಕ್ಕೆ ಹಾಕಿ, ಬಸಳೆಯನ್ನು ಪದಾರ್ಥ ಮಾಡಿ ಬಡಿಸುತ್ತೇವೆ. ಬೇಸಿಗೆಯಲ್ಲೇ ಸ್ವಲ್ಪ ಒಣ ಮಡಲು, ತೆಂಗಿನ ಸಿಪ್ಪೆ ಅಟ್ಟದಲ್ಲಿ ಕಟ್ಟಿಡಿ. ಇದನ್ನು ಮಾತ್ರ ಇವತ್ತಿನಿಂದಲೇ ನಿಲ್ಲಿಸಿ ಎಂದು ಕೈ ಮುಗಿದು ಕೇಳುತ್ತೇವೆ.

ಸುಡದೆ ಕಸದ ಗಾಡಿಗೆ ಕೊಟ್ಟರೆ ಮುಗಿಯಿತಾ? ಮಂಗಳೂರಿನ ಪಚ್ಚನಾಡಿಯಲ್ಲಿ ಕಸ ಸುರಿಯುವ ಗುಡ್ಡ ಉಂಟಲ್ಲ. 2019ರ ಆಗಸ್ಟ್ ತಿಂಗಳ ಮಳೆಗೆ ಆ ರಾಶಿ ಜಾರಿ ಕೆಳಗಿನ ಮಂದಾರಕ್ಕೆ ನುಗ್ಗಿತು. ಅಡಿಕೆ ತೋಟ, ತೆಂಗಿನ ಮರ, ಮನೆ ಎಲ್ಲ ಕಸದ ಅಡಿಗೆ. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ನಾವು "ಬಿಸಾಡಿದೆವು" ಎಂದುಕೊಂಡದ್ದು ಇನ್ನೊಬ್ಬರ ಅಂಗಳಕ್ಕೆ ಹೋಗಿ ಕೂತಿತು. ತೊಟ್ಟೆ ಮನೆಗೆ ಬರುವ ಮೊದಲೇ ಬೇಡ ಅನ್ನುವುದಕ್ಕೂ, ಬಂದ ಮೇಲೆ ವಿಲೇವಾರಿ ಮಾಡುವುದಕ್ಕೂ ಇಷ್ಟು ವ್ಯತ್ಯಾಸ.

ದಿವಂಗತ ಪೋಪ್ ಫ್ರಾನ್ಸಿಸರು 2015ರಲ್ಲಿ ಬರೆದ 'ಲಾವ್ದಾತೊ ಸಿ' ವಿಶ್ವಪತ್ರದಲ್ಲಿ ಪ್ಲಾಸ್ಟಿಕ್, ಕಾಗದ ಕಡಿಮೆ ಮಾಡುವುದನ್ನು ದಿನನಿತ್ಯದ ಒಳ್ಳೆಯ ಕೆಲಸಗಳ ಸಾಲಿಗೆ ಸೇರಿಸಿದ್ದಾರೆ. ಇಲ್ಲಿ ಎಲ್ಲ ಧರ್ಮದವರೂ ಕೂತಿದ್ದೀರಿ. ದನ, ಮೀನು, ಬಾವಿ ಎಲ್ಲರಿಗೂ ಸೇರಿದ್ದು, ಹಾಗಾಗಿ ಹೆಚ್ಚು ಹೇಳುವುದಿಲ್ಲ.

ಚಾಪೆಯ ಮೇಲೆ ತೊಟ್ಟೆ ಸುರಿದ ಆ ಸಂಘದವರು ಈಗ ಏನು ಮಾಡುತ್ತಾರೆಂದರೆ, ಸಭೆಯಲ್ಲಿ ಹಾಜರಿ ಕರೆಯುವಾಗ ಹೆಸರಿಗೆ ಉತ್ತರವಾಗಿ ಚೀಲ ಎತ್ತಿ ತೋರಿಸಬೇಕು. ಮರೆತವರು ಎರಡು ರೂಪಾಯಿ ಕೊಡಬೇಕು. ಮೊದಲ ತಿಂಗಳು ತುಂಬಾ ದುಡ್ಡು ಬಂತು, ಆಮೇಲೆ ಬರಲಿಲ್ಲ. ಒಮ್ಮೆ ನಮ್ಮಿಂದಲೂ ಎರಡು ರೂಪಾಯಿ ವಸೂಲಿ ಮಾಡಿದ್ದಾರೆ! ಚೀಲವನ್ನು ಮೊಳೆಗೆ ನೇತು ಹಾಕುವವರು ಮೊಳೆಗೆ, ಗಂಡಸರು ಪೇಟೆಗೆ ಹೋಗುವ ಮನೆಯಾದರೆ ಬೈಕಿನ ಸೀಟಿನಡಿಯಲ್ಲಿ ಒಂದು. ಒಯ್ಯಲು ಮರೆತ ದಿನ ಬಾಳೆಹಣ್ಣನ್ನು ಕೈಯಲ್ಲೇ ಹಿಡಿದು ಬನ್ನಿ, ನಾಚಿಕೆ ಏನಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಬೇರೆ ಮಾಡಬೇಡಿ, ಆ ಚೂರು ಯಾರ ಕೈಗೂ ಸಿಗುವುದಿಲ್ಲ. ಪ್ಯಾಕೆಟನ್ನು ತೊಳೆದು ಒಣಗಿಸಿದರೆ ಗುಜರಿಯವರು ತೆಗೆದುಕೊಳ್ಳುತ್ತಾರೆ. ಅಡುಗೆ ಮನೆಯ ಸಿಪ್ಪೆ, ಅನ್ನವನ್ನು ದನದ ಬಾಲ್ದಿಗೋ ತೆಂಗಿನ ಬುಡಕ್ಕೋ ಬರಿದೇ ಹಾಕಿ, ಗಂಟು ಕಟ್ಟಬೇಡಿ.

ಇವತ್ತಿನ ತಿಂಡಿ ಹಾಳೆ ತಟ್ಟೆಯಲ್ಲಿ ಉಂಟು, ಉಳಿದದ್ದನ್ನು ಮನೆಗೆ ಒಯ್ಯುವವರಿಗೆ ಬಾಳೆ ಎಲೆ ಇಟ್ಟಿದ್ದೇವೆ. ಮುಂದಿನ ತಿಂಗಳು ಟೈಲರಿಂಗ್ ಕಲಿತ ನಮ್ಮ ಇಬ್ಬರು ಸದಸ್ಯೆಯರು ಮೆಷಿನ್ ಇಟ್ಟುಕೊಂಡು ಇಲ್ಲೇ ಕೂರುತ್ತಾರೆ. ಬರುವಾಗ ಒಬ್ಬೊಬ್ಬರು ಒಂದು ಹಳೆಯ ಸೀರೆ ತನ್ನಿ. ಹರಿದದ್ದಾದರೂ ಅಡ್ಡಿಯಿಲ್ಲ, ಒಗೆದು ತನ್ನಿ.