ಸಣ್ಣ ವ್ಯಾಪಾರವೂ ವರ್ತನೆಯ ಮನೆಗಳೂ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನಮಗೆ ಒಪ್ಪಿಸಿದ ವಿಷಯ, ಸಣ್ಣ ವ್ಯಾಪಾರಕ್ಕೆ ಕಡಿಮೆ ಖರ್ಚಿನಲ್ಲಿ ಪ್ರಚಾರ ಮಾಡುವುದು ಹೇಗೆ ಎಂಬುದು. ಸಾಹಿತ್ಯ ಸಂಗೀತಗಳ ನಡುವೆ ಈ ಬೇಳೆ ಮೆಣಸಿನಕಾಯಿಯ ಮಾತು ಏಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ಸಭೆಯಲ್ಲಿಯೇ ಹಪ್ಪಳ ಸಂಡಿಗೆ ಮಾಡಿ ಮಾರುವ ತಾಯಂದಿರಿದ್ದಾರೆ. ರವಿಕೆ ಹೊಲಿಯುವವರು, ಮದುವೆ ಮುಂಜಿಗಳ ಅಡಿಗೆ ಒಪ್ಪಿಕೊಳ್ಳುವವರು, ಮನೆಪಾಠ ಹೇಳುವವರು ಇದ್ದಾರೆ. ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದವರಿಗೆ 1956ರ ನವೆಂಬರ್ 1ರ ತನಕ ಈ ಊರೇ ರಾಜಧಾನಿಯಾಗಿತ್ತು. ಉಡುಪಿ ಕುಂದಾಪುರಗಳಿಂದ ಬಂದವರು ಇಲ್ಲಿ ಹೋಟೆಲಿನ ಒಲೆ ಹೊತ್ತಿಸಿದರು. ಯಾರೇ ಆಗಲಿ, ಪರಸ್ಥಳದಲ್ಲಿ ನಾಲ್ಕು ಕಾಸು ಸಂಪಾದಿಸಬೇಕಾದರೆ ಮೊದಲು ನಾಲ್ಕು ಜನಕ್ಕೆ ಗೊತ್ತಾಗಬೇಕು. ಹೇಗೆ ಗೊತ್ತುಮಾಡಿಕೊಳ್ಳಬೇಕೆಂಬುದೇ ಪ್ರಶ್ನೆ.

ನಾವು ಬ್ಯಾಂಕಿನಲ್ಲಿ ಗುಮಾಸ್ತರು. ಬಿ.ಕಾಂ. ಓದುವಾಗ ಜಾಹೀರಾತಿನ ವಿಷಯವೂ ಪಾಠದಲ್ಲಿತ್ತು. ಪರೀಕ್ಷೆ ಬರೆದು ಮರೆತೆವು. ನಿಜವಾಗಿ ಕಲಿತದ್ದು ಮನೆಯಲ್ಲಿ, 10,000 ರೂಪಾಯಿ ಕಳೆದ ಮೇಲೆ.

ನಮ್ಮ ಅತ್ತಿಗೆಯವರ ಕೈಯ ಸಾರಿನ ಪುಡಿಯನ್ನು ಹೊಗಳದೆ ಹೋದ ನೆಂಟರಿಲ್ಲ. ಅಣ್ಣನ ಕೆಲಸ ಹೋದ ವರ್ಷ ಈ ಹೊಗಳಿಕೆಯನ್ನೇ ನಂಬಿ ಅವರು ಪುಡಿ ಮಾರಲು ಹೊರಟರು. ಬ್ಯಾಂಕಿನ ನೌಕರನು ಸ್ವತಃ ವ್ಯಾಪಾರ ಮಾಡಕೂಡದೆಂಬ ನಿಯಮವುಂಟಷ್ಟೆ. ಆದ್ದರಿಂದ ನಮ್ಮ ಪಾಲಿಗೆ ಬಂದದ್ದು ಲೆಕ್ಕ ಬರೆಯುವುದು ಮತ್ತು ಬುದ್ಧಿ ಹೇಳುವುದು. ಲೆಕ್ಕ ಸರಿಯಾಗಿತ್ತು, ಬುದ್ಧಿ ಸರಿಯಾಗಿರಲಿಲ್ಲ. ಅಮ್ಮನ ಎರಡು ಬಳೆಗಳನ್ನು ಅಡವಿಟ್ಟು 40,000 ರೂಪಾಯಿ ತಂದೆವು. ಪುಡಿ ಮಾಡುವ ಯಂತ್ರ, ಡಬ್ಬಗಳು, ದಿನಸಿ ಎಂದು 30,000 ಹೋಯಿತು. ಉಳಿದ ಹತ್ತನ್ನು ಪ್ರಚಾರಕ್ಕೆ ಹಾಕಿರೆಂದು ಹೇಳಿದವರು ನಾವೇ. 5,000 ಕರಪತ್ರ ಅಚ್ಚುಹಾಕಿಸಿ, ಬೆಳಗಿನ ಪತ್ರಿಕೆಗಳ ಒಳಗಿಟ್ಟು ಹಂಚಿಸಿದ್ದಕ್ಕೆ 7,000. ಮನೆಯ ಮುಂದೆ ಕಟ್ಟಿದ ಬಣ್ಣದ ಫ್ಲೆಕ್ಸಿಗೆ 3,000.

ದೂರವಾಣಿಯ ಕರೆಗಳು ಬಂದವು, ಬರಲಿಲ್ಲವೆಂದಲ್ಲ. ಹನ್ನೊಂದು ಬಂದವು. ನಾಲ್ವರು ಒಂದೊಂದು ಪೊಟ್ಟಣ ಕೊಂಡರು. ಒಬ್ಬರು, ಬಾಡಿಗೆಗೆ ಕೋಣೆಯಿದೆಯೇ ಎಂದು ವಿಚಾರಿಸಿದರು. ಇನ್ನುಳಿದವರು ಬೆಲೆ ಕೇಳಿ ಇಟ್ಟುಬಿಟ್ಟರು. ಫ್ಲೆಕ್ಸನ್ನು ಕಟ್ಟಡದ ಕಮಿಟಿಯವರು ತಿಂಗಳೊಳಗೆ ಇಳಿಸಿಸಿದರು. ಅದು ಈಗ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸುವ ಹಾಸಾಗಿದೆ.

ಕಾಲು ಕಿಲೋ ಪೊಟ್ಟಣದ ಬೆಲೆ 120 ರೂಪಾಯಿ. ದಿನಸಿ, ಬೀಸಾಣಿಕೆ, ಚೀಲ ಎಲ್ಲಾ ಸೇರಿ ಅಸಲು 92. ಉಳಿಯುವುದು 28. ಹಾಗಾದರೆ ಕರಪತ್ರದ 7,000 ರೂಪಾಯಿ ಹುಟ್ಟಬೇಕಾದರೆ 250 ಪೊಟ್ಟಣ ಮಾರಬೇಕು. ಆಗ ನಮ್ಮ ಮಾರಾಟ ತಿಂಗಳಿಗೆ 40! ಈ ಭಾಗಾಕಾರವನ್ನು ಖರ್ಚಿಗೆ ಮೊದಲು ಮಾಡಬೇಕಾಗಿತ್ತು. ನಾವು ಮಾಡಿದ್ದು ಆಮೇಲೆ. ಅಮ್ಮ ಬರಿಯ ಗಾಜಿನ ಬಳೆ ತೊಟ್ಟು, ಏನೂ ಆಗದವರಂತೆ ಓಡಾಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಇಂಥ ದಿನಗಳಲ್ಲಿ ನಮಗೆ ನೆನಪಿಗೆ ಬಂದದ್ದು ನಮ್ಮ ಕಸುಬಿನದೇ ಒಂದು ಹಳೆಯ ಕತೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ, ಈ ಮೂವರು 8,000 ರೂಪಾಯಿ ಬಂಡವಾಳದಿಂದ ಒಂದು ಪುಟ್ಟ ಬ್ಯಾಂಕನ್ನು ತೆರೆದರು. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂದು ಹೆಸರು. ಆ ಕಾಲಕ್ಕೆ ಕೈಮಗ್ಗದ ನೇಕಾರರು ಕಂಗೆಟ್ಟಿದ್ದರು. ಅವರಿಗೆ ನೆರವಾಗಬೇಕೆಂಬುದು ಸ್ಥಾಪಕರ ಆಶಯ. ಆದರೆ ನೇಕಾರನಾಗಲಿ, ಮೀನು ಮಾರುವ ಹೆಂಗಸಾಗಲಿ, ದುಡಿಮೆ ಬಿಟ್ಟು ಬ್ಯಾಂಕಿನ ಮೆಟ್ಟಿಲು ಹತ್ತುವುದುಂಟೆ? ಹತ್ತಿದರೂ ಎರಡಾಣೆ ಜಮಾ ಮಾಡಲು ಬಂದೆನೆಂದು ಹೇಳಲು ಬಾಯಿ ಬರುವುದುಂಟೆ? 1928ರಲ್ಲಿ ಪಿಗ್ಮಿ ಠೇವಣಿ ಎಂಬ ಯೋಜನೆಯನ್ನು ಹಾಕಿದರು. ಗಿರಾಕಿ ಬ್ಯಾಂಕಿಗೆ ಬರಬೇಕಾದ್ದಿಲ್ಲ, ಬ್ಯಾಂಕಿನ ಏಜೆಂಟನೇ ದಿನವೂ ಮನೆ ಬಾಗಿಲಿಗೆ, ಅಂಗಡಿಯ ಬಾಗಿಲಿಗೆ ಬರುವನು. ಎರಡಾಣೆಯಾದರೂ ಸರಿ, ಪಡೆದು ಬರೆದುಕೊಂಡು ಹೋಗುವನು.

ಇದನ್ನು ಉಳಿತಾಯದ ಯೋಜನೆಯೆಂದು ಎಲ್ಲರೂ ಹೊಗಳುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಚಾರ ಯೋಜನೆ ಬೇರೊಂದಿಲ್ಲ. ಏಜೆಂಟನಿಗೆ ಕೊಡುವುದು ಅವನು ತಂದ ಹಣದ ಮೇಲಿನ ಕಮಿಷನ್. ಎಂದರೆ ಹುಟ್ಟುವಳಿ ಬಂದ ಮೇಲೆ ಖರ್ಚು. ಕರಪತ್ರದಲ್ಲಿ ಇದು ತಲೆಕೆಳಗು: ಖರ್ಚು ಇಂದು, ಹುಟ್ಟುವಳಿ ದೇವರಿಚ್ಛೆ. ಅಲ್ಲದೆ ದಿನವೂ ಬರುವವನಿಗೆ ಮನೆಯ ಹಾಲು ಹುಳಿ ಎಲ್ಲಾ ಗೊತ್ತಾಗುತ್ತದೆ. ಯಾರ ಮಗಳ ಮದುವೆ ಗೊತ್ತಾಗಿದೆ, ಯಾರ ಮಗ್ಗ ನಿಂತಿದೆ, ಯಾರಿಗೆ ಸಾಲ ಕೊಟ್ಟರೆ ಹಿಂದಕ್ಕೆ ಬರುತ್ತದೆ ಎಂಬುದೆಲ್ಲ. ಬೀದಿಯಲ್ಲಿ ಒಂದು ಮನೆ ಸೇರಿದರೆ ಪಕ್ಕದ ಮನೆ ತಾನಾಗಿ ಕರೆಯುತ್ತದೆ. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕೆಂದು ದೇಶವೆಲ್ಲ ಹಬ್ಬಿ, 1969ರಲ್ಲಿ ರಾಷ್ಟ್ರೀಕರಣವಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು.

ನಮ್ಮ ಹಳೆಯ ಮಾತಿನಲ್ಲಿ ಇದಕ್ಕೆ ವರ್ತನೆ ಎಂದು ಹೆಸರು. ಹಾಲಿನವಳು ಗೊತ್ತಾದ ಮನೆಗೆ, ಗೊತ್ತಾದ ಹೊತ್ತಿಗೆ, ಗೊತ್ತಾದ ಅಳತೆಯ ಹಾಲು ಹಾಕಿ ತಿಂಗಳಿಗೊಮ್ಮೆ ಲೆಕ್ಕ ಮಾಡುವಳಲ್ಲ, ಅದೇ ವರ್ತನೆ. ಅವಳು ಎಂದಾದರೂ ಜಾಹೀರಾತು ಕೊಟ್ಟದ್ದುಂಟೆ? ನಮ್ಮ ಅತ್ತಿಗೆಯವರಿಗೂ ಇಂಥ ವರ್ತನೆಯ ಮನೆಗಳಾದರೆ ಸಾಕೆಂದು ನಾವು ನಿಶ್ಚಯಿಸಿದೆವು. ಐದು ಸಾವಿರ ಮನೆ ಬೇಡ, ಅರವತ್ತು ಸಾಕು.

ಮೊದಲು ರುಚಿ ತೋರಿಸಬೇಕು. ಇದರಲ್ಲಿ ನಮ್ಮ ನೆರೆಯ ತೆಲುಗರೇ ಗುರುಗಳು. ಕಾಶೀನಾಥುನಿ ನಾಗೇಶ್ವರರಾವ್ ಪಂತುಲು 1893ರಲ್ಲಿ ಬೊಂಬಾಯಿಯಲ್ಲಿ ಅಮೃತಾಂಜನವನ್ನು ಹೊರತಂದಾಗ ಸಂಗೀತ ಕಚೇರಿಗಳಲ್ಲಿ ಅದನ್ನು ಪುಕ್ಕಟೆಯಾಗಿ ಹಂಚಿದರಂತೆ. ಬಹಳ ಹೊತ್ತು ಕುಳಿತವರಿಗೆ ತಲೆನೋವು ಬರದಿದ್ದೀತೆ! (ಈ ಭಾಷಣಕ್ಕೂ ಒಂದು ಡಬ್ಬ ತರಬಹುದಾಗಿತ್ತು.) ಬೇಕಾದವರಿಗೆ ಬೇಕಾದ ಹೊತ್ತಿನಲ್ಲಿ ಕೊಟ್ಟದ್ದು ಅವರ ಜಾಣತನ. ನಾವೂ 50 ಗ್ರಾಮಿನ ಪುಟ್ಟ ಪೊಟ್ಟಣ ಕಟ್ಟಿ, ಯುಗಾದಿಗೆ ಎಂಟು ದಿನ ಮುಂಚೆ 60 ಮನೆಗಳಿಗೆ ಕೊಟ್ಟೆವು. ಒಂದಕ್ಕೆ 20 ರೂಪಾಯಿಯಂತೆ 1,200 ರೂಪಾಯಿ. ಕೊಡುವಾಗಲೇ ಅತ್ತಿಗೆಯವರು, "ಹತ್ತನೆಯ ದಿನ ಬರುತ್ತೇನೆ, ಚೆನ್ನಾಗಿಲ್ಲದಿದ್ದರೆ ಏನು ಚೆನ್ನಾಗಿಲ್ಲವೆಂದು ಹೇಳಿರಮ್ಮ" ಎಂದು ಹೇಳಿ ಬಂದರು. ಹತ್ತನೆಯ ದಿನ ಹೋದರು. 22 ಮನೆಯವರು ಕೊಂಡರು. ಮುಂದಿನ ತಿಂಗಳು 19, ಅದರ ಮುಂದಿನ ತಿಂಗಳು 17. ಎರಡು ತಿಂಗಳಲ್ಲಿ 1,148 ರೂಪಾಯಿ ಹುಟ್ಟಿತು. ಮೂರನೆಯ ತಿಂಗಳ ಎರಡನೆಯ ಮನೆಯಲ್ಲಿಯೇ ಮಾದರಿಯ ಖರ್ಚು ತೀರಿತು. ಆ 17 ಮನೆಗಳು ವರ್ತನೆಯಾಗಿ ನಿಂತವು. ಅವರು ಹೇಳಿ ಕಳಿಸಿದವರೇ ಬಳಿಕ ಬಂದ ಗಿರಾಕಿಗಳಲ್ಲಿ ಹೆಚ್ಚಿನವರು.

ಕೊಳ್ಳದ 38 ಮನೆಗಳಿಂದಲೂ ಲಾಭವಾಯಿತು. ಖಾರ ಹೆಚ್ಚೆಂದು ನಾವು ತಿಳಿದಿದ್ದೆವು. ಖಾರ ಸಾಲದೆಂದು ಈ ಊರಿನವರು ಹೇಳಿದರು! ಇನ್ನು ಬಿಸಿಬೇಳೆಬಾತಿನ ಪುಡಿಯನ್ನು ಕೊಟ್ಟಾಗ ಎದುರು ಮನೆಯ ತೆಲುಗು ಗೃಹಿಣಿ ಅದನ್ನು ಚಟ್ನಿಪುಡಿಯೆಂದು ತಿಳಿದು ಬಿಸಿ ಅನ್ನಕ್ಕೆ ತುಪ್ಪದೊಡನೆ ಕಲಸಿಕೊಂಡರಂತೆ. ತಪ್ಪು ಅವರದಲ್ಲ. ಅಕ್ಕಿ ಎಷ್ಟು, ಬೇಳೆ ಎಷ್ಟು, ಪುಡಿ ಎಷ್ಟು ಚಮಚ ಎಂದು ತೆಲುಗಿನಲ್ಲಿ ನಾಲ್ಕು ಸಾಲಿನ ಚೀಟಿ ಒಳಗಿಟ್ಟೆವು. ಅಚ್ಚಿಗೆ ಕೆಲವು ನೂರು ರೂಪಾಯಿ. ಕರಪತ್ರಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು. ನಮ್ಮ ನಮ್ಮಲ್ಲೇ ಮಾರಿಕೊಂಡು ನಮ್ಮ ನಮ್ಮಲ್ಲೇ ಕೊಂಡರೆ ವ್ಯಾಪಾರ ಬೆಳೆಯದು. ಕಾಚಿಗೂಡದ ಕನ್ನಡಿಗರು ಎಷ್ಟು ಸಾರು ಕುಡಿದಾರು?

ಹಲವು ಭಾಷೆಗಳ ಊರಿನಲ್ಲಿ ಗುರುತಿಗೆ ಬಹಳ ಬೆಲೆ. 1920ರಲ್ಲಿ ಇದೇ ಹೈದರಾಬಾದಿನ ಹಕೀಮರಾದ ಮೊಹಮ್ಮದ್ ಮೊಯಿಜುದ್ದೀನ್ ಫಾರೂಕಿಯವರು ಜಿಂದಾ ತಿಲಿಸ್ಮಾತ್ ಎಂಬ ಔಷಧವನ್ನು ಪ್ರಾರಂಭಿಸಿದರು. ಅದರ ಮೇಲೆ ನಿಜಾಮರ ಸೇನೆಯ ಸಿದ್ದಿ ಸಿಪಾಯಿಯ ಚಿತ್ರ. ಉರ್ದು ಬಾರದವನೂ ತೆಲುಗು ಬಾರದವನೂ ಆ ಚಿತ್ರವನ್ನು ತೋರಿಸಿ ಕೇಳಬಹುದು. ನೂರು ವರ್ಷ ಕಳೆದರೂ ಚಿತ್ರ ಬದಲಾಗಿಲ್ಲ. ನಮ್ಮವರಲ್ಲಿ ಕೆಲವರು ವರ್ಷಕ್ಕೊಂದು ಬಣ್ಣದ ಚೀಟಿ ಮಾಡಿಸುತ್ತಾರೆ. ಹೆಂಗಸರು ಹೇಳಿಕಳಿಸುವುದು "ಆ ಹಸಿರು ಚೀಟಿಯ ಪುಡಿ ತಾ" ಎಂದು. ಹುಡುಗ ಅಂಗಡಿಗೆ ಹೋದರೆ ಹಸಿರು ಚೀಟಿಯೇ ಇಲ್ಲ.

ಹಪ್ಪಳದ ತಾಯಂದಿರಿಗಾಗಿ ಲಿಜ್ಜತ್ ಹಪ್ಪಳದ ಒಂದೇ ಮಾತನ್ನು ಹೇಳುತ್ತೇವೆ. 1959ರ ಮಾರ್ಚ್ 15ರಂದು ಬೊಂಬಾಯಿಯ ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಕಡ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಮೊದಲ ದಿನ ನಾಲ್ಕು ಕಟ್ಟು. ಪ್ರಾರಂಭದಲ್ಲಿ ಮೇಲ್ತರದ್ದೊಂದು, ಅಗ್ಗದ್ದೊಂದು ಎಂದು ಎರಡು ಬಗೆ ಮಾಡುತ್ತಿದ್ದರು. ಅವರಿಗೆ ಹಿತ ಹೇಳುತ್ತಿದ್ದ ಛಗನ್‌ಲಾಲ್ ಪಾರೇಖರು ಒಂದೇ ಬಗೆ ಮಾಡಿ, ಅದನ್ನು ಕೆಡಿಸಬೇಡಿ ಎಂದರು. ಅಗ್ಗದ ಹಪ್ಪಳ ತಿಂದವನೂ ಹೆಸರು ಹೇಳುವುದು ಅದೇ ಮನೆಯದನ್ನೇ ಅಲ್ಲವೆ?

ಅಡಿಗೆಯ ವಸ್ತುವಿಗೆ ಇನ್ನೊಂದು ಪ್ರಚಾರವುಂಟು, ಚೊಕ್ಕಟ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿಬಂದು ಅಡಿಗೆಮನೆಯ ಶುಚಿಗೆ ಹೊಸ ಕ್ರಮಗಳನ್ನು ತಂದರು. ಗಿರಾಕಿ ಆ ಅಡಿಗೆಮನೆಯನ್ನು ಕಣ್ಣಾರೆ ಕಂಡು ಊಟಕ್ಕೆ ಕೂರಬಹುದಾಗಿತ್ತು. ಅತ್ತಿಗೆಯವರೂ ಈಗ ಪುಡಿ ಮಾಡುವ ದಿನ ಬಾಗಿಲು ತೆರೆದಿಡುತ್ತಾರೆ. ಆಹಾರ ಸುರಕ್ಷಾ ಪ್ರಾಧಿಕಾರದಲ್ಲಿ ನೋಂದಾಯಿಸಿ ಸಂಖ್ಯೆಯನ್ನು ಚೀಟಿಯ ಮೇಲೆ ಹಾಕುವುದು ಕಾನೂನು. ಅದೇ ನಂಬಿಕೆಯ ಗುರುತೂ ಹೌದು. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಸರ್ಕಾರದ ತಾಣದಲ್ಲಿ ಉಚಿತ. ಅದಕ್ಕೆ ಹಣ ಕೇಳುವವರಿಗೆ ಕೊಡಬೇಡಿ.

ಇನ್ನು ಮೊಬೈಲ್. ವಾಟ್ಸಾಪಿನಲ್ಲಿ ವ್ಯಾಪಾರಿಗಳ ಆಪ್ 2018ರಿಂದ ಪುಕ್ಕಟೆ. ವಸ್ತುಗಳ ಚಿತ್ರ, ಬೆಲೆ ಹಾಕಬಹುದು. ಗೂಗಲ್ ನಕಾಶೆಯಲ್ಲಿ ಅಂಗಡಿಯ ಹೆಸರು ಸೇರಿಸಲೂ ಕಾಸು ಬೇಡ. ಪ್ರಸಾರ ಪಟ್ಟಿಯೊಂದರಲ್ಲಿ 256 ಜನಕ್ಕೆ ಒಮ್ಮೆಗೇ ಸಂದೇಶ ಕಳುಹಬಹುದು. ಆದರೆ ಒಂದು ಸಂಗತಿಯಿದೆ: ನಿಮ್ಮ ಸಂಖ್ಯೆಯನ್ನು ಯಾರು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಾರೋ ಅವರಿಗೆ ಮಾತ್ರ ಅದು ಮುಟ್ಟುತ್ತದೆ. ಅಲ್ಲಿಯೂ ಮೊದಲು ಪರಿಚಯ, ಆಮೇಲೆ ಪ್ರಚಾರ! ನಾವು ತಿಂಗಳಿಗೆ ಎರಡೇ ಸಂದೇಶ ಕಳುಹುತ್ತೇವೆ, ಪುಡಿ ಮಾಡುವ ದಿನದ ಮುನ್ನ. ಸಂಘದ ಗುಂಪಿನಲ್ಲಿ ಬೆಳಗಾದರೆ ಸೀರೆಯ ಚಿತ್ರ ಹಾಕುವವರಿದ್ದಾರೆ. ಅವರ ಹೆಸರು ಹೇಳುವುದಿಲ್ಲ. ಅವರು ಈಗ ನಗುತ್ತಿದ್ದಾರೆ.

ಎರಡು ಪ್ರಚಾರಗಳು ಅಗ್ಗವೆಂದು ತೋರಿದರೂ ಬಲು ದುಬಾರಿ. ಒಂದು ರಿಯಾಯಿತಿ. ನೂರಕ್ಕೆ ಹತ್ತು ಬಿಟ್ಟರೆ ಏನು ಹೋಯಿತೆನ್ನುತ್ತೇವೆ. 120ರಲ್ಲಿ 12 ಬಿಟ್ಟರೆ ಉಳಿಯುತ್ತಿದ್ದ 28 ರೂಪಾಯಿ 16ಕ್ಕೆ ಇಳಿಯುತ್ತದೆ. ನಾಲ್ಕು ಪೊಟ್ಟಣದಿಂದ ಬರುತ್ತಿದ್ದ 112 ರೂಪಾಯಿಗೆ ಈಗ ಏಳು ಪೊಟ್ಟಣ ಮಾರಬೇಕು. ಬೀಸುವ ಕೈ ಅದೇ. ಇನ್ನೊಂದು ಉದ್ದರಿ. ಪರಸ್ಥಳದಲ್ಲಿ ನಮ್ಮವರೇ ಕೇಳಿದಾಗ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. ಒಂದು ಪೊಟ್ಟಣದ ಹಣ ಮುಳುಗಿದರೆ ಅಸಲು 92 ಹೋಯಿತು. ಅದನ್ನು ತುಂಬಲು ಬೇರೆ ಮೂರು ಪೊಟ್ಟಣ ಮಾರಿದರೂ ಸಾಲದು. ಹಣಕ್ಕಿಂತ ಹೆಚ್ಚಿನದು, ಬಾಕಿದಾರ ನಮ್ಮ ಮುಖ ತಪ್ಪಿಸಿಕೊಂಡು ಸಂಘಕ್ಕೂ ಬಾರದಾಗುತ್ತಾನೆ. ಹಾಗೆ ಕಳೆದುಕೊಂಡ ಒಂದು ಮನೆಯನ್ನು ಅಮ್ಮ ಇನ್ನೂ ಕೇಳುತ್ತಿರುತ್ತಾರೆ, "ಅವರು ಯಾಕೆ ಬರಲಿಲ್ಲವೋ" ಎಂದು.

ಅಮ್ಮನ ಬಳೆಗಳಲ್ಲಿ ಒಂದನ್ನು ಕಳೆದ ದೀಪಾವಳಿಗೆ ಬಿಡಿಸಿ ತಂದೆವು. ಇನ್ನೊಂದರ ಮೇಲೆ ಬಾಕಿಯಿದೆ. ಈಗ ವರ್ತನೆಯ ಮನೆಗಳು 71. ಅವುಗಳ ಲೆಕ್ಕವನ್ನು ಅತ್ತಿಗೆಯವರು ಮಿಕ್ಕ ಕರಪತ್ರಗಳ ಹಿಂಬದಿಯಲ್ಲಿಯೇ ಬರೆಯುತ್ತಾರೆ. ಆ ಕಾಗದ ಇನ್ನೂ ಮುಗಿದಿಲ್ಲ. ಲೆಕ್ಕದ ಕಟ್ಟನ್ನು ತಂದಿದ್ದೇವೆ. ನೋಡಬೇಕೆನ್ನುವವರು ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿಗೆ ಬರಬಹುದು, ಅಲ್ಲಿ ಅತ್ತಿಗೆಯವರೂ ಇರುತ್ತಾರೆ.