ಕರಾರಿಗೆ ಜನರ ರುಜು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಒಂದು ರಾಷ್ಟ್ರದ ಸರಕಾರ ಇನ್ನೊಂದು ರಾಷ್ಟ್ರದೊಡನೆ ಕರಾರು ಮಾಡಿಕೊಂಡರೆ, ಹೋಟೆಲಿನಲ್ಲಿ ಬಟ್ಟಲು ತೊಳೆಯುವವನಿಗೂ ಗಿರಣಿಯಲ್ಲಿ ಸಾಂಚೆ ನಡೆಸಿ ಮುದುಕನಾದವನಿಗೂ ಅದರಿಂದ ಏನಾಗಬೇಕು ಎಂದು ನೀವು ಕೇಳಬಹುದು. ಆಗಬೇಕಾದದ್ದು ಬಹಳವಿದೆ. ಸಾಲಪತ್ರಕ್ಕೆ ಮನೆಯ ಯಜಮಾನ ಹೆಬ್ಬೆಟ್ಟು ಒತ್ತುತ್ತಾನೆ, ತೀರಿಸುವವರು ಮಕ್ಕಳು. ಹಾಗಾದರೆ ಒತ್ತುವ ಮೊದಲು ಮನೆಯವರನ್ನು ಒಂದು ಮಾತು ಕೇಳಬೇಕೋ ಬೇಡವೋ? ಈ ಪ್ರಶ್ನೆಯನ್ನು ಹಿಡಿದು ಹಟಮಾಡಿ ಗೆದ್ದವರು ಸ್ವಿಟ್ಜರ್ಲೆಂಡಿನ ಜನ. ಅವರ ಕಥೆ ಹೇಳುತ್ತೇನೆ.

ಆಲ್ಪ್ಸ್ ಪರ್ವತದ ಹೊಟ್ಟೆ ಕೊರೆದು 15 ಕಿಲೋಮೀಟರ್ ಉದ್ದದ ರೈಲು ಸುರಂಗವೊಂದನ್ನು ಮಾಡಿದರು. ಅದರ ಹೆಸರು ಗೊಟ್ಟಾರ್ಡ್. 1872ರಲ್ಲಿ ಕೆಲಸ ಹಿಡಿದರು, 1882ರಲ್ಲಿ ಗಾಡಿ ಓಡಿತು. ಕೊರೆದವರು ಬಹುಪಾಲು ಇಟಲಿಯಿಂದ ಹೊಟ್ಟೆಪಾಡಿಗೆ ಬಂದ ಕೂಲಿಗಳು, ನಮ್ಮ ಹಾಗೆಯೇ ಊರು ಬಿಟ್ಟವರು. 1875ರಲ್ಲಿ ಅವರು ಕೆಲಸ ನಿಲ್ಲಿಸಿದಾಗ ಗೋಲಿಬಾರಾಗಿ ನಾಲ್ವರು ಸತ್ತರು. ಸುರಂಗದ ಉದ್ಘಾಟನೆಯ ಕಥೆ ಹೇಳುವವರು ಈ ನಾಲ್ವರನ್ನು ಸಾಮಾನ್ಯವಾಗಿ ಮರೆಯುತ್ತಾರೆ, ಅದಕ್ಕೇ ಇಲ್ಲಿ ಹೇಳಿದೆ.

ಆ ರೈಲಿಗೆ ಹಣ ಒಬ್ಬರದಲ್ಲ. ಮೊದಲ ಕರಾರಿನ ಪ್ರಕಾರ ಇಟಲಿ 4 ಕೋಟಿ 50 ಲಕ್ಷ ಫ್ರಾಂಕ್, ಜರ್ಮನಿ 2 ಕೋಟಿ, ಸ್ವಿಸ್ ಕಡೆಯಿಂದ 2 ಕೋಟಿ. ರೈಲು ನಡೆಸುತ್ತಿದ್ದುದು ಖಾಸಗಿ ಕಂಪನಿ. 1909ರಲ್ಲಿ ಸ್ವಿಸ್ ಸರಕಾರ ಅದನ್ನು ರಾಷ್ಟ್ರದ ಸ್ವತ್ತು ಮಾಡಿಕೊಂಡಿತು. ಆಗ ಹಣ ಕೊಟ್ಟಿದ್ದ ಎರಡು ದೊಡ್ಡ ನೆರೆಯವರು ತಮ್ಮ ಹಕ್ಕಿನ ಮಾತೆತ್ತಿದರು. ಅದೇ ವರ್ಷ ಬರ್ನಿನಲ್ಲಿ ಹೊಸ ಕರಾರಾಯಿತು: ಜರ್ಮನಿ, ಇಟಲಿಗಳ ಸರಕಿಗೆ ಸಾಗಾಣಿಕೆ ದರದಲ್ಲಿ ಅತ್ಯಂತ ಅನುಕೂಲದ ಸೌಲಭ್ಯ, ಅದೂ ಗೊಟ್ಟಾರ್ಡ್ ಹಾದಿಗೆ ಮಾತ್ರವಲ್ಲ, ದೇಶದ ಎಲ್ಲ ಸರಕಾರಿ ರೈಲುಗಳಿಗೂ. ಅವಧಿ? ಅವಧಿಯೇ ಇಲ್ಲ!

ಜನ ಕೆರಳಿದ್ದು ಇಲ್ಲಿ. ವಿರೋಧ ವಿಶೇಷವಾಗಿ ಬಲವಾಗಿದ್ದದ್ದು ಪಶ್ಚಿಮದ ಫ್ರೆಂಚ್ ಮಾತಿನ ಪ್ರಾಂತಗಳಲ್ಲಿ. ಆ ದೇಶದಲ್ಲಿ ಜರ್ಮನ್ ಮಾತಿನವರು ಹೆಚ್ಚು, ಫ್ರೆಂಚ್ ಮಾತಿನವರು ಕಡಿಮೆ. ನಮ್ಮ ರೈಲಿನ ದರವನ್ನು ನಾವು ನಿಶ್ಚಯಿಸಬಾರದೇ, ಇದೆಂಥ ಸ್ವಾತಂತ್ರ್ಯ ಎಂದು ಸಭೆಗಳಾದವು. 1 ಲಕ್ಷ 16 ಸಾವಿರ ಜನ ಮನವಿಪತ್ರಕ್ಕೆ ರುಜು ಹಾಕಿದರು. ಟೆಲಿಫೋನು ಎಲ್ಲರ ಮನೆಯಲ್ಲಿಲ್ಲದ ಕಾಲ, ರುಜುವೆಂದರೆ ಕಾಲಿಗೆ ಬಿದ್ದ ಕೆಲಸ. ಸಂಘಕ್ಕೆ ವರ್ಗಣಿ ಎತ್ತಲು ಹೋಟೆಲಿನಿಂದ ಹೋಟೆಲಿಗೆ ಸುತ್ತಿದವರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ಆದರೂ 1913ರಲ್ಲಿ ಪಾರ್ಲಿಮೆಂಟು ಕರಾರನ್ನು ಒಪ್ಪಿಬಿಟ್ಟಿತು. ಮನವಿ ಮನವಿಯಾಗಿಯೇ ಉಳಿಯಿತು.

ಚಳವಳಿಯವರ ಬುದ್ಧಿವಂತಿಕೆಯನ್ನು ನಾನು ಮೆಚ್ಚುವುದು ಇದರ ಮುಂದಿನ ಹೆಜ್ಜೆಗೆ. ಸೋತ ಕರಾರಿನ ಬಗ್ಗೆ ಅಳುತ್ತ ಕೂರಲಿಲ್ಲ. ಆ ದೇಶದಲ್ಲಿ 50 ಸಾವಿರ ಮತದಾರರು ರುಜು ಹಾಕಿದರೆ ಸಂವಿಧಾನದ ತಿದ್ದುಪಡಿಯನ್ನೇ ಜನರ ಮುಂದಿಡಬೇಕಾಗುತ್ತಿತ್ತು. ಅದೇ ವರ್ಷ ಅಷ್ಟು ರುಜು ಕೂಡಿಸಿ, ಇನ್ನು ಮೇಲೆ ದೀರ್ಘಕಾಲದ ಕರಾರುಗಳಿಗೆ ಜನರ ಮತ ಕೇಳತಕ್ಕದ್ದು ಎಂದು ತಿದ್ದುಪಡಿ ಬೇಡಿದರು. ಮಹಾಯುದ್ಧ ಬಂತು, ವಿಷಯ ಮೂಲೆಗೆ ಬಿತ್ತು. ಕೊನೆಗೆ 1921ರ ಜನವರಿ 30ರಂದು ಮತದಾನ. ನೂರಕ್ಕೆ 71 ಮಂದಿ ಹೌದೆಂದರು. ಅಂದಿನ ಆ ನಿಯಮದಂತೆ, ಅವಧಿಯಿಲ್ಲದ ಅಥವಾ 15 ವರ್ಷ ಮೀರಿದ ಕರಾರಿನ ಮೇಲೆ 30 ಸಾವಿರ ಮತದಾರರು ಅಥವಾ ಎಂಟು ಪ್ರಾಂತಗಳು ಕೇಳಿದರೆ ಮತದಾನ ನಡೆಸಲೇಬೇಕಾಗಿತ್ತು.

ಮತದಾರರೆಂದರೆ ಗಂಡಸರು, ಇದನ್ನು ಮುಚ್ಚಿಡಬಾರದು. ಅಲ್ಲಿಯ ಹೆಂಗಸರಿಗೆ ರಾಷ್ಟ್ರಮಟ್ಟದ ಮತ ಸಿಕ್ಕಿದ್ದು 1971ರಲ್ಲಿ. ಜನ ಎಂಬ ಮಾತನ್ನು ಯಾರು ಆಡಿದರೂ, ಅದರೊಳಗೆ ಯಾರನ್ನು ಬಿಟ್ಟಿದ್ದಾರೆಂದು ನೋಡಿಕೊಳ್ಳಿ.

ಈ ಹೊಸ ಹಕ್ಕು ಬರೀ ಕಾಗದದ್ದೇ? ಎರಡೇ ವರ್ಷದಲ್ಲಿ ಗೊತ್ತಾಯಿತು. ಜಿನೀವಾ ಪಟ್ಟಣದ ಮೂರು ಕಡೆ ಫ್ರಾನ್ಸಿನ ಹಳ್ಳಿಗಳು. ನೂರು ವರ್ಷದಿಂದ ಅಲ್ಲಿಯ ಹಾಲು, ತರಕಾರಿ ಸುಂಕವಿಲ್ಲದೆ ಪಟ್ಟಣಕ್ಕೆ ಬರುವ ಏರ್ಪಾಡಿತ್ತು. ಫ್ರಾನ್ಸ್ ತನ್ನ ಸುಂಕದ ಕಟ್ಟೆಯನ್ನು ಗಡಿಗೇ ತರಲು ಬಯಸಿತು. ಸ್ವಿಸ್ ಸರಕಾರ 1921ರಲ್ಲಿ ಒಪ್ಪಿ ರುಜು ಹಾಕಿತು. 1923ರ ಫೆಬ್ರವರಿ 18ರಂದು ಜನ ಅದನ್ನು ತಳ್ಳಿಹಾಕಿದರು, ನೂರಕ್ಕೆ 81 ಮಂದಿಗಿಂತ ಹೆಚ್ಚು! ಫ್ರಾನ್ಸ್ ಸುಮ್ಮನಿರಲಿಲ್ಲ, ಆ ವರ್ಷವೇ ಕಟ್ಟೆಯನ್ನು ಗಡಿಗೆ ತಂದಿತು. ವ್ಯಾಜ್ಯ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, 1932ರಲ್ಲಿ ತೀರ್ಪು ಸ್ವಿಸ್ ಪರವಾಗಿ ಬಂತು. ಕಟ್ಟೆ ಹಿಂದೆ ಸರಿಯಿತು.

ಇಂಥ ಸೂಕ್ಷ್ಮ ವಿಷಯ ಸಾಮಾನ್ಯರಿಗೆ ತಿಳಿಯದು ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. ಹಾಲಿನ ಬೆಲೆ ಸಾಮಾನ್ಯರಿಗೆ ತಿಳಿದಷ್ಟು ಮಂತ್ರಿಗಳಿಗೆ ತಿಳಿದಿರುತ್ತದೆಯೇ? ಹಾಗೆಂದು ಜನ ಯಾವಾಗಲೂ ಬೇಡವೆನ್ನುವವರೂ ಅಲ್ಲ. 2021ರಲ್ಲಿ ಇಂಡೋನೇಷ್ಯದೊಡನೆ ಮಾಡಿದ ವ್ಯಾಪಾರದ ಕರಾರನ್ನು ಮತಕ್ಕೆ ಹಾಕಿಸಿದರು. ಜಗಳ ಮುಖ್ಯವಾಗಿ ತಾಳೆ ಎಣ್ಣೆಯ ಸುಂಕದ್ದು. ನಮ್ಮ ಬಾಣಲೆಗಳಲ್ಲಿ ದಿನವೂ ಕಾಯುವ ಎಣ್ಣೆಯೇ ಅದು. ನೂರಕ್ಕೆ 51 ಚಿಲ್ಲರೆ ಮತಗಳಿಂದ ಕರಾರು ಉಳಿಯಿತು.

ಈಗ ನಮ್ಮ ಮನೆಯ ಮಾತು. ಭಾರತದ ಸಂವಿಧಾನದಲ್ಲಿ ಪರದೇಶದೊಡನೆ ಕರಾರು ಮಾಡುವುದು ಕೇಂದ್ರದ ಅಧಿಕಾರ, ಅದಕ್ಕೆ ಜನರ ಮತ ಕೇಳುವ ಏರ್ಪಾಡಿಲ್ಲ. 2024ರ ಮಾರ್ಚ್ 10ರಂದು ಭಾರತವು ಸ್ವಿಟ್ಜರ್ಲೆಂಡ್ ಮತ್ತು ಇನ್ನು ಮೂರು ದೇಶಗಳೊಡನೆ ವ್ಯಾಪಾರದ ಕರಾರಿಗೆ ರುಜು ಹಾಕಿತು. ಅಲ್ಲಿಯ ಪಾರ್ಲಿಮೆಂಟು ಒಪ್ಪಿದ ಮೇಲೂ ಜನರಿಗೆ ನೂರು ದಿನದ ಅವಕಾಶವಿತ್ತು. ಈಗಿನ ನಿಯಮದಂತೆ 50 ಸಾವಿರ ರುಜು ಬಿದ್ದಿದ್ದರೆ ಮತದಾನ. ಅಷ್ಟು ರುಜು ಬೀಳಲಿಲ್ಲ, 2025ರ ಅಕ್ಟೋಬರ್ 1ರಿಂದ ಕರಾರು ಜಾರಿಗೆ ಬಂತು. ಒಂದೇ ಕಾಗದ. ಅಲ್ಲಿಯ ಹೋಟೆಲು ಮಾಣಿಗೆ ಆ ನೂರು ದಿನ ಇದ್ದವು, ಇಲ್ಲಿಯ ಮಾಣಿ ಅದನ್ನು ಪತ್ರಿಕೆಯಲ್ಲಿ ಓದಿಕೊಂಡ.

ಹೊತ್ತಾಯಿತು, ಬೆಳಗಿನ ಪಾಳಿಯವರು ಏಳಬೇಕು. ಪ್ರಶ್ನೆಗಳಿದ್ದರೆ ಕೇಳಿ.