ಕಿರು ಆಹಾರ ಸಂಸ್ಕರಣೆಗೆ ಸಹಾಯಧನ: ಅರ್ಜಿಗೆ ಮೊದಲು ಹಾಕಬೇಕಾದ ಲೆಕ್ಕ

(ಪ್ರಾಥಮಿಕ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಒಕ್ಕೂಟದ ವಿಸ್ತರಣಾ ಪಶುವೈದ್ಯಾಧಿಕಾರಿಗಳು ಮಾಡಿದ ಭಾಷಣ)



ನನ್ನನ್ನು ಕಂಡಾಗ ನೀವು ಸಾಮಾನ್ಯವಾಗಿ ಕೇಳುವುದು ಕೆಚ್ಚಲು ಬಾವು, ಗಬ್ಬ ನಿಲ್ಲದ ಹಸು, ಕಾಲುಬಾಯಿ ಜ್ವರದ ಲಸಿಕೆ, ಇಂಥವನ್ನು. ಈಚೀಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. "ಸಾರ್, ಖೋವಾ ಯಂತ್ರಕ್ಕೆ ಸರ್ಕಾರ ಅರ್ಧ ದುಡ್ಡು ಕೊಡುತ್ತದಂತೆ, ಹಾಕಿಸೋಣವೇ?" ಎಂದು. ಹೋದ ವಾರ ಒಂದೇ ದಿನ ಮೂವರು ಕೇಳಿದರು. ಅದಕ್ಕೇ ಇವತ್ತು ಮೇವಿನ ವಿಷಯ ಬದಿಗಿಟ್ಟು ಇದನ್ನೇ ಮಾತನಾಡುತ್ತೇನೆ.

ಮೊದಲು ಯೋಜನೆ ಏನು ಎಂಬುದು. ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆ ಎಂದು ಉದ್ದನೆಯ ಹೆಸರು. 2020ರ ಜೂನ್ ಕೊನೆಯಲ್ಲಿ ಕೇಂದ್ರ ಸರ್ಕಾರ 10,000 ಕೋಟಿ ರೂಪಾಯಿ ಗಾತ್ರದಲ್ಲಿ ಐದು ವರ್ಷಕ್ಕೆಂದು ಆರಂಭಿಸಿತು, ಆಮೇಲೆ 2025-26ರವರೆಗೆ ಮುಂದುವರಿಸಿತು. ಘಟಕದ ವೆಚ್ಚದಲ್ಲಿ ಶೇಕಡಾ 35ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ, ಸಹಾಯಧನ ಎಂದು ಗೊತ್ತುಮಾಡಿತ್ತು. ನಮ್ಮ ರಾಜ್ಯ ಸರ್ಕಾರ ಅದರ ಮೇಲೆ ಶೇಕಡಾ 15 ಸೇರಿಸಿದ್ದರಿಂದ ಕರ್ನಾಟಕದಲ್ಲಿ ಅದು ಶೇಕಡಾ 50, ಹೆಚ್ಚೆಂದರೆ 15 ಲಕ್ಷ ಎಂದಾಯಿತು. ನೀವು ಕೇಳಿದ "ಅರ್ಧ ದುಡ್ಡು" ಇದೇ. ರಾಜ್ಯದಲ್ಲಿ ಇದರ ಹೊಣೆ ಕೆಪೆಕ್ ಸಂಸ್ಥೆಯದು, ಜಿಲ್ಲೆಯಲ್ಲಿ ಕೃಷಿ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಯನ್ನು ವಿಚಾರಿಸಬೇಕು. ಇಂಥ ಯೋಜನೆಗಳ ಅವಧಿ, ಷರತ್ತು ಬದಲಾಗುತ್ತವೆ. ಇವತ್ತಿನ ಸ್ಥಿತಿ ಏನೆಂದು ಅಲ್ಲಿ ಕೇಳಿಕೊಂಡೇ ಮುಂದೆ ಹೆಜ್ಜೆ ಇಡಿ. ಯಂತ್ರ ಮಾರುವವನ ಮಾತನ್ನು ನಂಬಬೇಡಿ.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ಯೋಜನೆ ಬಂದ ಹೊಸದರಲ್ಲಿ, 2021ರಲ್ಲಿ, ಇನ್ನೊಂದು ಊರಿನ ಸದಸ್ಯರೊಬ್ಬರಿಗೆ ಖೋವಾ ಘಟಕ ಹಾಕಿ ಎಂದು ಧೈರ್ಯ ಹೇಳಿದವನು ನಾನೇ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಕೊಟ್ಟಿಗೆಯಲ್ಲಿ ಎರಡು ಮಿಶ್ರತಳಿ ಹಸು, ಒಂದು ಕಡಸು. ಎರಡೂ ಹಸು ಕರು ಹಾಕಿ ಎರಡು ತಿಂಗಳಾಗಿತ್ತು, ದಿನಕ್ಕೆ 20 ಲೀಟರು ಹಾಲು. ಯಂತ್ರ, ಫ್ರೀಜರು, ಪೊಟ್ಟಣ ಕಟ್ಟುವ ಸಾಮಾನು ಎಲ್ಲ ಸೇರಿ 4 ಲಕ್ಷದ ಅಂದಾಜು. ಕೈಯಿಂದ ಶೇಕಡಾ 10, ಅಂದರೆ 40,000 ಹಾಕಿದರು. ಉಳಿದ 3,60,000 ಬ್ಯಾಂಕಿನ ಸಾಲ.

ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ಸಹಾಯಧನ ನಿಮ್ಮ ಕೈಗೆ ಬರುವ ಹಣವಲ್ಲ. ಅದು ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಬೇರೊಂದು ಖಾತೆಯಲ್ಲಿ ಕಾದು ಕುಳಿತಿರುತ್ತದೆ. ಸಾಲದ ಕೊನೆಯ ಕಂತು ನಿಮಗೆ ಬಿಡುಗಡೆಯಾಗಿ ಮೂರು ವರ್ಷವಾದ ಮೇಲೆ, ಸಾಲ ಸುಸ್ತಿಯಾಗದೆ ಇದ್ದು, ಘಟಕ ನಡೆಯುತ್ತಲೂ ಇದ್ದರೆ, ಆಗ ಸಾಲಕ್ಕೆ ಜಮಾ ಆಗುತ್ತದೆ. ಎರಡೂ ಷರತ್ತು ಕೂಡಿ ಬರಬೇಕು. ಅಲ್ಲಿಯವರೆಗೆ ತಿಂಗಳ ಕಂತು ನಿಮ್ಮ ದುಡಿಮೆಯಿಂದಲೇ ಹೋಗಬೇಕು. ಆ ಮನೆಯವರಿಗೆ ಅದು ಎಂಟು ಸಾವಿರದ ಹತ್ತಿರ ಬಂತು.

ನಾನು ಸಹಾಯಧನ ಎಣಿಸಿದೆ. ಹಸುವನ್ನು ಎಣಿಸಲಿಲ್ಲ. ಪಶುವೈದ್ಯನಾಗಿ ನಾಚಿಕೆಯಾಗಬೇಕಾದ ಮಾತು. ಕರು ಹಾಕಿದ ಎರಡನೆಯ ತಿಂಗಳ ಹಾಲು ಹತ್ತನೆಯ ತಿಂಗಳು ಇರುತ್ತದೆಯೇ? ಗಬ್ಬದ ಹಸುವಿಗೆ ಕರು ಹಾಕುವ ಮುಂಚೆ 60 ದಿನ ಹಾಲು ಬತ್ತಿಸಿ ಎಂದು ಊರೂರು ತಿರುಗಿ ಹೇಳುವವನೂ ನಾನೇ. ಹಸುವಿಗೆ ಬತ್ತುವ ಕಾಲವಿದೆ, ಬ್ಯಾಂಕಿನ ಕಂತಿಗೆ ಇಲ್ಲ. ಬೇಸಿಗೆ ಬಂತು, ಹಸಿ ಮೇವು ಮುಗಿಯಿತು, 20 ಲೀಟರು ಎಂಟಕ್ಕೆ ಇಳಿಯಿತು. ಅಕ್ಕಪಕ್ಕದ ಮನೆಗಳ ಹಾಲು ಕೊಳ್ಳಬಹುದೆಂದು ನಾವು ಅಂದುಕೊಂಡಿದ್ದೆವು. ಅವರೇಕೆ ಕೊಡುತ್ತಾರೆ? ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ ಸರ್ಕಾರದ ಪ್ರೋತ್ಸಾಹಧನ. ವರ್ಷಕ್ಕೆ ಇಷ್ಟು ಹಾಲು ಹಾಕಿದರೆ ಮಾತ್ರ ಮತದ ಹಕ್ಕು ಎಂದು ಉಪವಿಧಿಯಲ್ಲೂ ಇದೆ.

ಕಂತು ತಪ್ಪಬಾರದೆಂದು ಮೊದಲು ಕಡಸು ಮಾರಿದರು. ನಾನೇ ಕೃತಕ ಗರ್ಭಧಾರಣೆ ಮಾಡಿ ಹುಟ್ಟಿದ ಕಡಸು ಅದು, ಇನ್ನು ಮೂರು ತಿಂಗಳಿಗೆ ಕರು ಹಾಕುತ್ತಿತ್ತು. ಆಮೇಲೆ ಒಂದು ಹಸುವೂ ಹೋಯಿತು. ಹಸು ಹೋದ ಮೇಲೆ ಖೋವಾ ಎಲ್ಲಿಂದ? ಘಟಕ ನಿಂತಿತು, ಅದರೊಡನೆ ಸಹಾಯಧನವೂ ಹೋಯಿತು. ಆ ಯಂತ್ರ ಈಗ ಅವರ ಹಿತ್ತಲಲ್ಲಿ ತಾರ್ಪಾಲಿನ ಕೆಳಗಿದೆ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಹೋದರೆ ಈಗಲೂ ಕಾಫಿ ಕೊಡುತ್ತಾರೆ.

ಅಂದು ಹಾಕದ ಲೆಕ್ಕವನ್ನು ಇವತ್ತು ನಿಮ್ಮ ಮುಂದೆ ಹಾಕುತ್ತೇನೆ. ದರ ಬದಲಾಗುತ್ತದೆ, ನಿಮ್ಮ ಪಾಸ್‌ಪುಸ್ತಕ ನೋಡಿ ನೀವೇ ತಿದ್ದಿಕೊಳ್ಳಿ. ಸಂಘದಲ್ಲಿ ಲೀಟರಿಗೆ 35 ರೂಪಾಯಿ, ಪ್ರೋತ್ಸಾಹಧನ 5, ಒಟ್ಟು 40 ಎಂದಿಟ್ಟುಕೊಳ್ಳಿ. ಒಂದು ಕಿಲೋ ಖೋವಾಕ್ಕೆ ಹಸುವಿನ ಹಾಲು ಹತ್ತಿರ ಹತ್ತಿರ ಐದೂವರೆ ಲೀಟರು ಬೇಕು, ಅಂದರೆ 220 ರೂಪಾಯಿ ಹಾಲು. ಗ್ಯಾಸು, ಪೊಟ್ಟಣಕ್ಕೆ 50. ಅಂಗಡಿಯವನು 330 ಕೊಟ್ಟರೆ ಉಳಿಯುವುದು 60. ಬರೀ ಕಂತು ಕಟ್ಟುವುದಕ್ಕೇ ದಿನಕ್ಕೆ ನಾಲ್ಕೂವರೆ ಕಿಲೋ ಖೋವಾ, ಅಂದರೆ ಸುಮಾರು 25 ಲೀಟರು ಹಾಲು, ಮುನ್ನೂರ ಅರವತ್ತೈದು ದಿನವೂ ಬೇಕು. ಮನೆಯವರ ಕೂಲಿ ಇದರಲ್ಲಿ ಸೇರಿಲ್ಲ. ಇದರ ಮೇಲೆ ಇನ್ನೊಂದು ತೊಡಕು. ನಮ್ಮ ಮಿಶ್ರತಳಿ ಹಸುವಿನ ಹಾಲಿನ ಖೋವಾ ಅಂಟಂಟು, ಬಣ್ಣ ಹಳದಿ. ಸಿಹಿ ಮಾಡುವವರು ಎಮ್ಮೆ ಹಾಲಿನದನ್ನೇ ಮೊದಲು ಕೇಳುತ್ತಾರೆ.

ತುಪ್ಪದಲ್ಲಿ ಲಾಭವಿದೆ ಎನ್ನುವವರಿದ್ದಾರೆ. ಹತ್ತು ಲೀಟರು ಹಾಲಿನಲ್ಲಿ ಶೇಕಡಾ 4 ಜಿಡ್ಡಿದ್ದರೆ ತುಪ್ಪ ಹೆಚ್ಚೆಂದರೆ 400 ಗ್ರಾಂ. ಆ ಹಾಲಿನ ಬೆಲೆ ಸಂಘದಲ್ಲೇ 400 ರೂಪಾಯಿ. ತುಪ್ಪ ಕಿಲೋಗೆ ಸಾವಿರಕ್ಕೆ ಮಾರಿದರೂ ಹಾಕಿದ ದುಡ್ಡು ಹಾಕಿದಂತೆ, ಮಜ್ಜಿಗೆ ಮಾರಿದರೆ ಅದೇ ಲಾಭ. ಪನೀರು ಹತ್ತು ಲೀಟರಿಗೆ ಒಂದೂವರೆ ಕಿಲೋ ಆಗುತ್ತದೆ. ಆದರೆ ತಂಪು ಪೆಟ್ಟಿಗೆ ಇಲ್ಲದಿದ್ದರೆ ಮರುದಿನಕ್ಕೆ ಹುಳಿ.

ಹಾಗಾದರೆ ಯಾರೂ ಅರ್ಜಿ ಹಾಕಬಾರದೇ ಎಂದರೆ, ಹಾಗಲ್ಲ. ನಮ್ಮ ತಾಲ್ಲೂಕಿನ ಇನ್ನೊಂದು ಊರಿನಲ್ಲಿ ಹತ್ತು ಜನ ತಾಯಂದಿರ ಸ್ವಸಹಾಯ ಸಂಘವಿದೆ. ಅವರು ಹಾಲನ್ನು ಮುಟ್ಟಲೇ ಇಲ್ಲ, ಅದು ಎಂದಿನಂತೆ ಡೇರಿಗೆ ಹೋಗುತ್ತದೆ. ಮಾಡಿದ್ದು ರಾಗಿ ಹುರಿಹಿಟ್ಟು, ಚಟ್ನಿಪುಡಿ, ಹಪ್ಪಳ. ಒಂದು ವರ್ಷ ಮನೆಯ ಒಲೆಯಲ್ಲೇ ಮಾಡಿ ಸಂತೆಯಲ್ಲಿ ಮಾರಿ, ಯಾವುದು ಹೋಗುತ್ತದೆ ಯಾವುದು ಉಳಿಯುತ್ತದೆ ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರು. ಹಪ್ಪಳ ಕೈಬಿಟ್ಟರು. ಆಮೇಲೆ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000ದವರೆಗೆ ಇದ್ದ ಬೀಜಧನಕ್ಕೆ ಅರ್ಜಿ ಕೊಟ್ಟು ಹಿಟ್ಟಿನ ಗಿರಣಿ ತಂದರು. ಆ ಬೀಜಧನವೂ ಸದಸ್ಯರಿಗೆ ಸಾಲವೇ, ಸಂಘಕ್ಕೆ ಮರಳಿಸಬೇಕು. ಬ್ಯಾಂಕಿಗೆ ಹೋದಾಗ ಆ ನೋಟುಪುಸ್ತಕ ಇಟ್ಟುಕೊಂಡೇ ಹೋಗಿದ್ದರು. ರಾಗಿಗೆ ಬತ್ತುವ ಕಾಲವಿಲ್ಲ, ಮೂಟೆಯಲ್ಲಿ ವರ್ಷವಿಡೀ ಇರುತ್ತದೆ.

ಒಂದು ಜಿಲ್ಲೆ ಒಂದು ಉತ್ಪನ್ನ ಎಂಬ ಪಟ್ಟಿಯೂ ಈ ಯೋಜನೆಯಲ್ಲಿತ್ತು. ಮಂಡ್ಯಕ್ಕೆ ಬೆಲ್ಲ, ಕೋಲಾರಕ್ಕೆ ಟೊಮೆಟೊ, ತುಮಕೂರಿಗೆ ತೆಂಗು, ಹೀಗೆ. ನಿಮ್ಮ ಹೊಲದಲ್ಲಿ ಬೆಳೆಯುವುದು ಪಟ್ಟಿಯಲ್ಲಿದ್ದರೆ ಅದನ್ನು ಮೊದಲು ಯೋಚಿಸಿ. ಅರ್ಜಿ ತುಂಬಿಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ಯೋಜನೆಯೇ ನೇಮಿಸಿತ್ತು, ಅವರ ಸಂಭಾವನೆಯೂ ಯೋಜನೆಯದೇ. ಅರ್ಜಿ ಮಾಡಿಸಿಕೊಡುತ್ತೇನೆ, ಐದು ಸಾವಿರ ಕೊಡಿ ಎಂದು ಯಾರಾದರೂ ಬಂದರೆ ನೀರು ಕೊಟ್ಟು ಕಳುಹಿಸಿ. ಜಾಗದ ಬೆಲೆಯನ್ನು ಘಟಕದ ವೆಚ್ಚದಲ್ಲಿ ತೋರಿಸುವಂತಿಲ್ಲ. ಹಳೆಯ ಸಾಲ ಬಾಕಿಯಿದ್ದರೆ ಬ್ಯಾಂಕಿನವರು ಮೊದಲು ಅದನ್ನೇ ತೆಗೆಯುತ್ತಾರೆ.

ಇಷ್ಟು ಕೇಳಿದ ಮೇಲೂ ಹಾಲಿನದೇ ಮಾಡುತ್ತೇನೆ ಎನ್ನುವವರಿಗೆ ವೈದ್ಯನಾಗಿ ಒಂದು ಮಾತು. ಆಹಾರ ಸುರಕ್ಷತೆಯ ನೋಂದಣಿ ಇಲ್ಲದೆ ಮಾರುವಂತಿಲ್ಲ. ಕೆಚ್ಚಲು ಬಾವಿನ ಹಸುವಿನ ಹಾಲು ಬೆರೆತರೆ ಪನೀರು ಕಡಿಮೆ ಬೀಳುತ್ತದೆ, ರುಚಿ ಉಪ್ಪುಪ್ಪು. ಆಂಟಿಬಯೋಟಿಕ್ ಚುಚ್ಚಿಸಿದ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಕೂರುವುದಿಲ್ಲ. ಆಗ ಹೆಪ್ಪನ್ನು ಬೈಯಬೇಡಿ. ಔಷಧಿಯ ಮೇಲೆ ಬರೆದಷ್ಟು ದಿನ ಆ ಹಾಲನ್ನು ಮಾರಲೂ ಬಾರದು, ಸಂಘಕ್ಕೂ ಹಾಕಬಾರದು.

ಬರುವ ಮಂಗಳವಾರ ಬೆಳಗಿನ ಹಾಲು ಅಳತೆ ಮುಗಿದ ಮೇಲೆ ಹತ್ತು ಗಂಟೆಯವರೆಗೆ ಇಲ್ಲೇ ಡೇರಿ ಕಟ್ಟಡದಲ್ಲಿ ಇರುತ್ತೇನೆ. ಅರ್ಜಿ ಹಾಕಬೇಕೆಂದಿರುವವರು ಹಿಂದಿನ ಹನ್ನೆರಡು ತಿಂಗಳ ಹಾಲಿನ ಪಾಸ್‌ಪುಸ್ತಕ ತನ್ನಿ. ಹಸು ಯಾವಾಗ ಬತ್ತಿತು, ಯಾವ ತಿಂಗಳು ಎಷ್ಟು ಲೀಟರು ಎಂದು ಕೂತು ನೋಡೋಣ. ಯಂತ್ರದ ಕಂಪನಿಯ ಬಣ್ಣದ ಕಾಗದ ಮನೆಯಲ್ಲೇ ಇರಲಿ.